ಚಪ್ಪಲಿ ಹಿಡಿದು ಕೆಳಗೆ ನಿಂತವಳು

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಈಗ ಹನ್ನೊಂದು ಪೆನ್ಸಿಲ್ ಗೆರೆಗಳಿವೆ. ರವಿವಾರ ಬಂತೆಂದರೆ ಮಗಳು ಅಲ್ಲಿ ಹಿಮ್ಮಡಿ ಒತ್ತಿ, ಬೆನ್ನು ಆನಿಸಿ ನಿಲ್ಲುತ್ತಾಳೆ. ಅವಳ ತಮ್ಮ ಸ್ಟೂಲ್ ಹತ್ತಿ, ನೆತ್ತಿಯ ಮೇಲೆ ಕಂಪಾಸ್ ಪೆಟ್ಟಿಗೆ ಅಡ್ಡ ಇಟ್ಟು ಗೆರೆ ಎಳೆಯುತ್ತಾನೆ. ಆಮೇಲೆ ನನ್ನ ಹೊಲಿಗೆ ಡಬ್ಬಿಯ ಟೇಪು ತಂದು ಇಬ್ಬರೂ ಅಳೆಯುತ್ತಾರೆ. ಹೋದ ರವಿವಾರ 138 ಸೆಂಟಿಮೀಟರ್ ದಾಟಿ ಒಂದು ಕೂದಲೆಳೆ. ಅವಳಿಗೆ ಬೇಕಾದದ್ದು 140.

ಬೆಂಗಳೂರಿನಾಚೆ, ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಎದೆ ಝಲ್ಲೆನ್ನಿಸುವ ಆಟಗಳಲ್ಲಿ ಬಹಳಷ್ಟಕ್ಕೆ ಅಷ್ಟು ಎತ್ತರ ಇರಲೇಬೇಕು. ಮಕ್ಕಳ ಟಿಕೆಟ್ಟನ್ನೂ ಅಲ್ಲಿ ವಯಸ್ಸು ಕೇಳಿ ಕೊಡುವುದಿಲ್ಲ, ಎತ್ತರ ನೋಡಿ ಕೊಡುತ್ತಾರೆ. 85 ಸೆಂಟಿಮೀಟರಿಗಿಂತ ಕೆಳಗಿನ ಕೂಸುಗಳಿಗೆ ದುಡ್ಡಿಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಅದನ್ನು ದಾಟಿದರೆ ಪೂರ್ತಿ ಟಿಕೆಟ್. ದಸರಾ ರಜೆಯೊಳಗೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಬೆಳೆಯಬೇಕೆಂದು ಮಗಳು ಎರಡು ಹೊತ್ತೂ ಹಾಲು ಕುಡಿಯುತ್ತಿದ್ದಾಳೆ. ಅಷ್ಟರೊಳಗೆ ಬೆಳೆಯದಿದ್ದರೆ ಒಂದು ಟಿಕೆಟ್ಟಿನ ಮೇಲೆ ಸ್ವಲ್ಪ ಉಳಿಯುತ್ತದೆಂದು ನಮ್ಮ ಮನೆಯವರು ಒಮ್ಮೆ ಅಂದರು. ಅವಳ ಮುಖ ನೋಡಿ ಮತ್ತೆ ಆ ಮಾತು ಎತ್ತಲಿಲ್ಲ.

ಈ ಪ್ರವಾಸದ ಮಾತು ಶುರುವಾದದ್ದು ಮಕ್ಕಳಿಂದಲೇ. ಆದರೆ ನಾನು ಒಂದು ವಹಿ ಇಟ್ಟುಕೊಂಡು ಎರಡು ತಿಂಗಳಿಂದ ಬರೆದು ಹೊಡೆದು, ಬರೆದು ಹೊಡೆದು ಮಾಡುತ್ತಿರುವುದು ನಮ್ಮವ್ವನ ಸಲುವಾಗಿ. ಅವ್ವನಿಗೆ ಈಗ 67. ಎಡ ಮೊಣಕಾಲು ನೋವು, ಬಿಪಿ ಗುಳಿಗೆ ದಿನಕ್ಕೊಂದು. ಅಪ್ಪ ಹೋದ ಮೇಲೆ ಗದುಗಿಗೆ ಅಂಟಿಕೊಂಡ ಬೆಟಗೇರಿಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಹುಬ್ಬಳ್ಳಿಗೆ ಬಾ ಅಂದರೆ ನಾಲ್ಕು ದಿನ ಬಂದು, ಐದನೆಯ ದಿನ ಚೀಲ ತುಂಬಿ ಬಾಗಿಲಲ್ಲಿ ಇಟ್ಟಿರುತ್ತಾಳೆ.

ನಾನು ಹುಟ್ಟಿ ಬೆಳೆದದ್ದು ಆ ಮನೆಯಲ್ಲೇ. ನೇಕಾರರ ಓಣಿ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ, ಅವ್ವ ಪಡಸಾಲೆಯಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಬಲಗೈ ರಾಟಿ ತಿರುಗಿಸುತ್ತಿತ್ತು, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ನೂಲು ಓಡುತ್ತಿತ್ತು, ನೂಲು ಓಡಿ ಓಡಿ ಆ ತೋರುಬೆರಳಿನ ಮೇಲೆ ಗೀರು ಬಿದ್ದಿತ್ತು. ಈಗ ರಾಟಿ ಅಟ್ಟದ ಮೇಲಿದೆ. ಗೀರು ಇನ್ನೂ ಇದೆ.

ದವನದ ಹುಣ್ಣಿಮೆ ಹೊತ್ತಿಗೆ ಗದುಗಿನಲ್ಲಿ ತೋಂಟದಾರ್ಯ ಮಠದ ಜಾತ್ರೆ. ತೇರು ಎಳೆದಾದ ಮೇಲೂ ದಿನಗಟ್ಟಲೆ ಅಂಗಡಿಗಳು ಏಳುತ್ತಿರಲಿಲ್ಲ. ಬೆಂಡು ಬತ್ತಾಸ, ಮಿರ್ಚಿ ಭಜಿ, ಬಳೆ ಅಂಗಡಿ ಸಾಲು, ಕನ್ನಡಿ ಮನೆ, ಹಲಗೆ ಬಾವಿಯೊಳಗೆ ಗೋಡೆಗುಂಟ ಮೋಟಾರ್ ಸೈಕಲ್ ಓಡಿಸುವವರು. ಎಲ್ಲಕ್ಕಿಂತ ಎತ್ತರಕ್ಕೆ ತೊಟ್ಟಿಲು. ಬೋರ್ಡಿನ ಮೇಲೆ ಜಾಯಿಂಟ್ ವ್ಹೀಲ್ ಎಂದು ಬರೆದಿರುತ್ತಿದ್ದರು, ನಮ್ಮ ಓಣಿಯ ಬಾಯಲ್ಲಿ ಅದು ತೊಟ್ಟಿಲೇ. ಅದಕ್ಕೂ ಮುಂಚೆ ನಾಲ್ಕೇ ಪೆಟ್ಟಿಗೆಗಳ, ಆಳು ಕೈಯಿಂದ ತಿರುಗಿಸುವ ಕಟ್ಟಿಗೆಯ ತೊಟ್ಟಿಲು ಬರುತ್ತಿತ್ತು. ಆ ಹೆಸರು ಈ ಡೀಸೆಲ್ ಇಂಜಿನ್ನಿನ ದೊಡ್ಡ ಚಕ್ರಕ್ಕೂ ಅಂಟಿಕೊಂಡಿತ್ತು.

1993ರ ಜಾತ್ರೆ ನನಗೆ ಚೆನ್ನಾಗಿ ನೆನಪಿದೆ. ನನಗೆ ಎಂಟು, ತಮ್ಮನಿಗೆ ಐದು. ಯುಗಾದಿಗೆ ತಂದ ಹೊಸ ಹವಾಯಿ ಚಪ್ಪಲಿ ತಮ್ಮನ ಕಾಲಲ್ಲಿ, ಬೆಳೆಯುವ ಹುಡುಗ ಎಂದು ಒಂದು ನಂಬರ್ ದೊಡ್ಡದು. ಅಪ್ಪನ ಎಡಕ್ಕೆ ಅವನು, ಬಲಕ್ಕೆ ನಾನು. ನಮ್ಮ ಪೆಟ್ಟಿಗೆ ತುತ್ತತುದಿಗೆ ಹೋಗಿ ನಿಂತಿತು. ಕೆಳಗೆ ಮಂದಿ ಹತ್ತಿಸಿಕೊಳ್ಳುತ್ತಿದ್ದರು. ತಮ್ಮ ಖುಷಿಯಿಂದ ಕಾಲು ಆಡಿಸಿದ, ಒಂದು ಚಪ್ಪಲಿ ಜಾರಿ ಕತ್ತಲೆಯೊಳಗೆ ಹೋಯಿತು. ಬಿದ್ದ ಸಪ್ಪಳವೂ ಕೇಳಲಿಲ್ಲ. ಇಳಿದು ನೋಡಿದರೆ ಅವ್ವ ತೊಟ್ಟಿಲಿನ ಬುಡದಲ್ಲಿ, ಇಂಜಿನ್ನಿನ ಎಣ್ಣೆ ಕೆಸರಿನಲ್ಲಿ, ಬಗ್ಗಿ ಕೈಯಾಡಿಸುತ್ತಿದ್ದಳು. ಚಪ್ಪಲಿ ಸಿಕ್ಕಿತು. ಮರುವರ್ಷದಿಂದ ತೊಟ್ಟಿಲು ಹತ್ತುವ ಮುಂಚೆ ಎಲ್ಲರೂ ಚಪ್ಪಲಿ ಅವ್ವನ ಕೈಗೆ ಕೊಡುವುದು ರೂಢಿಯಾಯಿತು.

ಮೇಲಿನಿಂದ ಇಳಿಯುವಾಗ ಕೂತ ಹಲಗೆಯ ಒತ್ತು ಒಮ್ಮೆಲೇ ಕಡಿಮೆಯಾಗಿ ಮೈ ಹಗುರಾಗುತ್ತದಲ್ಲ, ಹೊಟ್ಟೆಯೊಳಗೆ ಗುಳುಗುಳು ಎನ್ನುತ್ತದಲ್ಲ, ಆಗ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಅವ್ವನನ್ನು ಹುಡುಕುತ್ತಿದ್ದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಿಂತಿರುತ್ತಿದ್ದಳು. ತಮ್ಮನ ಎರಡೂ ಚಪ್ಪಲಿ ಎಡಗೈ ಬೆರಳುಗಳಲ್ಲಿ ಸಿಕ್ಕಿಸಿಕೊಂಡು, ನನ್ನವು ಕಂಕುಳಲ್ಲಿ, ಅಪ್ಪನ ಚರ್ಮದ ಚಪ್ಪಲಿ ತನ್ನ ಎರಡು ಪಾದಗಳ ನಡುವೆ. ಬಲಗೈಯಲ್ಲಿ ಬೆಂಡು ಬತ್ತಾಸದ ಚೀಲ. ನಾವು ಕೂಗಿದರೆ ಚಪ್ಪಲಿ ಸಿಕ್ಕಿಸಿದ ಕೈಯನ್ನೇ ಮೇಲೆತ್ತಿ ಬೀಸುತ್ತಿದ್ದಳು. ನನ್ನ ಬಾಲ್ಯದ ಜಾತ್ರೆ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಮೇಲಿನಿಂದ ಕಂಡ ಆ ಕೈ.

"ನೀನೂ ಬಾರವ್ವಾ" ಅಂದರೆ ಪ್ರತಿ ವರ್ಷ ಒಂದೇ ಉತ್ತರ. "ನನಗ ತಲೀ ತಿರಗತೈತಿ. ನೀವ ಹೋಗಿ ಬರ್ರಿ." ಅವ್ವನಿಗೆ ತಲೆ ತಿರುಗುತ್ತದೆ ಎಂಬುದನ್ನು ನಾವು ಮೂರು ದಶಕ ನಂಬಿಕೊಂಡಿದ್ದೆವು. ಅವಳನ್ನು ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂಡಿಸುತ್ತಿದ್ದೆವು. ಅಜ್ಜನ ಮನೆಯ ಮಾಳಿಗೆ ಹತ್ತಬೇಡ ಎನ್ನುತ್ತಿದ್ದೆವು.

ಈ ಸಲ ಪಂಚಮಿಗೆ ಅವ್ವನ ತವರಿಗೆ ಹೋಗಿದ್ದೆವು, ರೋಣ ತಾಲೂಕಿನ ಒಂದು ಸಣ್ಣ ಹಳ್ಳಿ. ಪಂಚಮಿಯೆಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಲಗ್ನವಾಗಿ ಹೋದವರೆಲ್ಲ ತವರಿಗೆ ಬರಬೇಕು, ಅಳ್ಳು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಚಿಗವ್ವನ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮಗಳು ಕೂತು ಹೆದರಿ ಹೆದರಿ ಕಾಲು ಊರುತ್ತಿದ್ದಳು. ಚಿಗವ್ವ ಎಳ್ಳುಂಡಿ ಕಟ್ಟುತ್ತ ಕೂತಲ್ಲಿಂದಲೇ ಅಂದಳು, "ನಿಮ್ಮ ಆಯಿನ್ನ ಕೇಳ, ಹೆಂಗ ಜೀಕಬೇಕು ಅನ್ನೂದು. ನಿಂತ ಜೀಕತಿದ್ಲು. ಆ ಮ್ಯಾಲಿನ ಟೊಂಗಿ ಎಲಿ ಕಚ್ಚಿಕೊಂಡ ಬರತಿದ್ಲು. ಇಡೀ ಓಣ್ಯಾಗ ಅಕಿ ಸರಿ ಯಾರೂ ಇರಲಿಲ್ಲ."

ನಾನು ಅವ್ವನ ಮುಖ ನೋಡಿದೆ. "ನಿನಗ ತಲೀ ತಿರಗತಿತ್ತಲ್ಲವ್ವಾ?"

ಅವ್ವ ಉಂಡಿಯನ್ನು ಅಂಗೈಯಲ್ಲಿ ಇನ್ನೊಂದು ಸುತ್ತು ಉರುಳಿಸಿ ತಾಟಿನಲ್ಲಿ ಇಟ್ಟಳು. "ಚಪ್ಪಲಿ ಯಾರ ನೋಡಕೊಂತಿದ್ರು?" ಅಂದಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೇಳದೇ, "ತೊಟ್ಟಿಲಿಗೆ ಒಬ್ಬರಿಗೆ 2 ರೂಪಾಯಿ ಇತ್ತು ಅವಾಗ" ಅಂದಳು.

ಅಷ್ಟೇ. ಅವಳಿಗೆ ಅದರಲ್ಲಿ ದುಃಖವೇನೂ ಇರಲಿಲ್ಲ, ಎಣ್ಣೆಯ ರೇಟು ಹೇಳಿದಂತೆ ಹೇಳಿದಳು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. 2 ರೂಪಾಯಿಗೆ ಎಷ್ಟು ಕಂಡಿಕೆ ಸುತ್ತಬೇಕಿತ್ತು ಎನ್ನುವುದು ಅವಳಿಗೆ ಗೊತ್ತಿತ್ತು. ಮರದ ತುದಿಯ ಎಲೆ ಕಚ್ಚಿಕೊಂಡು ಬರುತ್ತಿದ್ದ ಹೆಣ್ಣುಮಗಳು ವರ್ಷ ವರ್ಷವೂ ತೊಟ್ಟಿಲಿನ ಬುಡದಲ್ಲಿ ನಿಂತು ತಲೆ ತಿರುಗುತ್ತದೆ ಎಂದಳು. ನಾವು ಒಮ್ಮೆಯೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮರುದಿನ ಹುಬ್ಬಳ್ಳಿಗೆ ಬಂದು ವಹಿ ತೆಗೆದೆ. ಮಕ್ಕಳು ಬೇಸಿಗೆಯಿಂದಲೂ ವಂಡರ್‌ಲಾ ವಂಡರ್‌ಲಾ ಎನ್ನುತ್ತಿದ್ದರು. ಮೊದಲ ಸಾಲಿನಲ್ಲಿ ಬರೆದೆ: ಲಾಕರ್. ಒಳಗೆ ಹೋದ ಕೂಡಲೇ ಚೀಲ, ಪರ್ಸು, ನೀರಿನ ಬಾಟಲಿ, ಬದಲಿ ಬಟ್ಟೆ ಎಲ್ಲ ಅದರೊಳಗೆ. ಈ ಪ್ರವಾಸದಲ್ಲಿ ಯಾರ ಕೈಯಲ್ಲೂ ಯಾರ ಸಾಮಾನೂ ಇರಬಾರದು.

ಇದು ಅವ್ವನೊಬ್ಬಳ ಮಾತಲ್ಲ ಎನ್ನುವುದೂ ಆಮೇಲೆ ಹೊಳೆಯಿತು. ಜನವರಿಯಲ್ಲಿ ನಾವೆಲ್ಲ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿದ್ದೆವು. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾವಿ ಹತ್ತಿರ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ನಮ್ಮ ಕಡೆಯ ಹಳ್ಳಿ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಿದ ಜಾಗ. ಅವ್ವ ಅಲ್ಲಿ ಒಂದೊಂದು ಪ್ರತಿಮೆಯ ಮುಂದೂ ನಿಂತು, ಸೆರಗಿನ ಗಂಟು, ಕೈಯ ಬಳೆ, ದನದ ಕೊರಳ ಹಗ್ಗ ಎಲ್ಲವನ್ನೂ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಮನೆಗೆ ಬಂದು ಮೊಬೈಲಿನಲ್ಲಿ ಫೋಟೋ ನೋಡಿದರೆ ನಾನು ಒಂದರಲ್ಲೂ ಇಲ್ಲ. ಒಂದೇ ಒಂದರ ಅಂಚಿನಲ್ಲಿ ನನ್ನ ಕೈ ಇದೆ. ಅದರಲ್ಲಿ ಮಗನ ಸ್ವೆಟರ್, ಎರಡು ಬಾಟಲಿ, ಬುತ್ತಿಯ ಚೀಲ. ಪಂಚಮಿಯಾದ ಮೇಲೆ ಆ ಫೋಟೋ ಮತ್ತೆ ತೆಗೆದು ನೋಡಿದೆ. ಅವ್ವನ ಕೈಯೇ ಅದು.

ಆ ದಿನದಿಂದ ಇನ್ನೊಂದು ಉಪಯೋಗವೂ ಆಯಿತು, ಅವ್ವ ಎಷ್ಟು ನಡೆಯಬಲ್ಲಳು ಎನ್ನುವುದು ತಿಳಿಯಿತು. ಇಪ್ಪತ್ತು ನಿಮಿಷ ನಡೆದರೆ ಐದು ನಿಮಿಷ ಕೂಡಬೇಕು. ನೆರಳಿದ್ದರೆ ಎರಡು ತಾಸು ಆರಾಮ, ಬಿಸಿಲಿದ್ದರೆ ಒಂದು. ವಯಸ್ಸಾದವರನ್ನು ದೊಡ್ಡ ಜಾಗಕ್ಕೆ ಕರೆದುಕೊಂಡು ಹೋಗುವ ಮುಂಚೆ ಹತ್ತಿರದ ಸಣ್ಣ ಜಾಗಕ್ಕೆ ಒಮ್ಮೆ ಕರೆದೊಯ್ಯಬೇಕು. ಬಾಯಿಂದ ಕೇಳಿದರೆ ಅವರು "ಎಷ್ಟರೆ ನಡೀತೀನಿ" ಎಂದೇ ಹೇಳುತ್ತಾರೆ.

ಥೀಮ್ ಪಾರ್ಕುಗಳ ಬಗ್ಗೆ ಓದುತ್ತ ಹೋದಾಗ ವಾಲ್ಟ್ ಡಿಸ್ನಿಯ ಒಂದು ಮಾತು ಸಿಕ್ಕಿತು. ಅವರು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಮಕ್ಕಳು ತಿರುಗುವ ಕುದುರೆಯ ಮೇಲೆ, ಇವರು ಬೆಂಚಿನ ಮೇಲೆ ಶೇಂಗಾ ತಿನ್ನುತ್ತ. ದೊಡ್ಡವರೂ ಮಕ್ಕಳೂ ಕೂಡಿ ಆಡುವಂಥ ಜಾಗ ಒಂದು ಇರಬೇಕಲ್ಲ ಎಂದು ಅಲ್ಲಿ ಕೂತಾಗಲೇ ಅನ್ನಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಜಗತ್ತಿನ ಅಷ್ಟು ದೊಡ್ಡ ಆಟದ ಊರು ಹುಟ್ಟಿದ್ದು, ಆಡದೇ ಕೆಳಗೆ ಕೂತ ಒಬ್ಬರ ತಲೆಯಲ್ಲಿ. ಅವರ ಹತ್ತಿರ ಬೆಂಚು ಇತ್ತು, ಶೇಂಗಾ ಇತ್ತು, ವಿಚಾರ ಮಾಡಲು ಹೊತ್ತೂ ಇತ್ತು. ನಮ್ಮವ್ವನ ಎರಡೂ ಕೈ ತುಂಬಿದ್ದವು.

ಹೋಗುವುದು ಹೇಗೆ ಎಂಬುದರ ಮೇಲೆ ಮನೆಯಲ್ಲಿ ವಾರಗಟ್ಟಲೆ ಮಾತಾಯಿತು. ನಮ್ಮ ಮನೆಯವರಿಗೆ ವಂದೇ ಭಾರತ್ ಬೇಕು. 2023ರಲ್ಲಿ ಶುರುವಾದ, ಧಾರವಾಡದಿಂದ ಹುಬ್ಬಳ್ಳಿ ಮೇಲೆ ಹೋಗುವ ಆ ಗಾಡಿ ದಾವಣಗೆರೆ ಕಡೆಯಿಂದ ಅದೇ ದಿನ ಬೆಂಗಳೂರು ಮುಟ್ಟಿಸುತ್ತದೆ. ನಾನು ಹಂಪಿ ಎಕ್ಸ್‌ಪ್ರೆಸ್ ಎಂದು ಹಟ ಹಿಡಿದೆ. ಹುಬ್ಬಳ್ಳಿಯಿಂದ ಸಂಜೆ ಹೊರಟು ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್ ಸುತ್ತಿ ಹೋಗುವ ಗಾಡಿ ಅದು. ಸುತ್ತು ಬಹಳ, ನಿಜ. ಆದರೆ ಅದು ಗದುಗಿಗೆ ಹೋಗುತ್ತದೆ. ಅವ್ವ ಒಬ್ಬಳೇ ಹುಬ್ಬಳ್ಳಿಗೆ ಬಂದು, ಒಂದು ದಿನ ಕಾದು, ಮತ್ತೆ ಗಾಡಿ ಹತ್ತುವುದು ಬೇಡ. ನಾವು ಹುಬ್ಬಳ್ಳಿಯಲ್ಲಿ ಹತ್ತಿ ಸೀಟು ಹಿಡಿದಿರುತ್ತೇವೆ, ಅವಳು ಗದುಗಿನಲ್ಲಿ ನಮ್ಮ ಡಬ್ಬಿಗೇ ಹತ್ತುತ್ತಾಳೆ, ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿಯ ಗಂಟು ಹಿಡಿದು. ಕೊಪ್ಪಳ ದಾಟುವುದರೊಳಗೆ ಊಟ. ಆ ಗಂಟು ಮಾತ್ರ ಅವಳ ಕೈಯಲ್ಲಿ ಇರಲಿ, ಅದನ್ನು ನಾನು ಕಸಿದುಕೊಳ್ಳುವುದಿಲ್ಲ. 60 ದಿನ ಮುಂಚೆ ಬುಕಿಂಗ್ ತೆರೆದ ಮುಂಜಾನೆ ಎಂಟಕ್ಕೇ ಕೂತು ಅವ್ವನಿಗೆ ಕೆಳಗಿನ ಬರ್ತ್ ತೆಗೆಸಿದೆ. ಮಗನಿಗೆ ಗಾಡಿ ಯಾವುದಾದರೂ ಸರಿ, 1507 ಮೀಟರಿನ ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿಗೇ ಉದ್ದ ಎಂದು ಆಯಿಗೆ ಫೋನಿನಲ್ಲಿ ನಾಲ್ಕು ಸಲ ಹೇಳಿಯಾಗಿದೆ.

ಬೆಂಗಳೂರಿನಲ್ಲಿ ಇಳಿದು ನೇರ ಪಾರ್ಕಿಗೆ ಹೋಗುವುದಿಲ್ಲ. ಒಂದಿಡೀ ದಿನ ತಮ್ಮನ ಮನೆಯಲ್ಲಿ ಮಲಗುವುದು, ಮಾತಾಡುವುದು. ಮರುದಿನ ಮುಂಜಾನೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ, ಅಲ್ಲಿಂದ ಮೈಸೂರು ರಸ್ತೆಗುಂಟ ಬಿಡದಿ ಕಡೆಗೆ. ರಜೆ ಇದ್ದರೂ ವಾರದ ನಡುವಿನ ದಿನವನ್ನೇ ಆರಿಸಿದ್ದೇನೆ. ಎರಡು ತಾಸು ಸರದಿಯಲ್ಲಿ ನಿಂತರೆ ಅವ್ವನ ಮೊಣಕಾಲಿಗೆ ಅಲ್ಲೇ ದಿನ ಮುಗಿಯುತ್ತದೆ.

ಇನ್ನು ಅವ್ವ ಏನು ಆಡಬಹುದು? ಡಾಕ್ಟರ ಹತ್ತಿರ ಹೋಗಿ, ಪಾರ್ಕಿನ ಆಟಗಳ ಪಟ್ಟಿಯನ್ನೇ ಅವರ ಟೇಬಲ್ಲಿನ ಮೇಲೆ ಇಟ್ಟೆ. ಜೋರಾಗಿ ತಿರುವಿ ಎಸೆಯುವಂಥ ಆಟಗಳ ಬಾಗಿಲಲ್ಲೇ ಬಿಪಿ, ಹೃದಯ, ಬೆನ್ನುನೋವು ಇದ್ದವರು ಹತ್ತಬಾರದೆಂದು ಬರೆದಿರುತ್ತಾರೆ, ಅವಕ್ಕೆಲ್ಲ ಅವರೂ ಕೆಂಪು ಗೆರೆ ಎಳೆದರು. ಉಳಿದವುಗಳಲ್ಲಿ ಸ್ಕೈ ವೀಲ್ ಇತ್ತು. ಎತ್ತರದ ಗೋಪುರದ ತಲೆಯ ಮೇಲೆ ಕೂಡಿಸಿದ ಚಕ್ರ. ಲಿಫ್ಟಿನಲ್ಲಿ ಮೇಲೆ ಕರೆದೊಯ್ಯುತ್ತಾರೆ, ಮೆಟ್ಟಿಲಿನ ಕಾಟವಿಲ್ಲ. ನಿಧಾನಕ್ಕೆ ತಿರುಗುತ್ತದೆ. ಡಾಕ್ಟರ್ ಅದರ ಮುಂದೆ ಸರಿ ಗುರುತು ಹಾಕಿದರು. ನನಗೆ ಬೇಕಾಗಿದ್ದದ್ದೂ ಅದೊಂದೇ.

ನೀರಿನ ಆಟಗಳದೇ ತೊಡಕು. ಅಲ್ಲಿ ಸೀರೆ ಉಟ್ಟು ಇಳಿಯುವಂತಿಲ್ಲ, ನೈಲಾನಿನಂಥ ಬಟ್ಟೆ ಬೇಕು. ಅದು ಸರಿಯೇ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಅಲೆಯಲ್ಲಿ ಏಳುವುದು ಕಷ್ಟ. ಆದರೆ ಅವ್ವ ಹುಟ್ಟಾ ಇಳಕಲ್ಲ ಸೀರೆಯವಳು. ಅವಳಿಗೆ ಏನೂ ಹೇಳದೇ ಒಂದು ಉದ್ದ ತೋಳಿನ ಈಜುಬಟ್ಟೆ ತಂದು ತೋರಿಸಿದೆ. ಮುಟ್ಟಿ ನೋಡಿ, ನೂಲು ಯಾವುದೆಂದು ಕೇಳಿ, ಚೆಂದಗೆ ಮಡಚಿ ನನ್ನ ಕೈಗೇ ಕೊಟ್ಟಳು. "ನೀವ ಆಡ್ರಿ. ನಾ ದಂಡಿ ಮ್ಯಾಲ ಕುಂತು ಚೀಲ ನೋಡಕೊಂತೀನಿ."

ಮತ್ತೆ ಅದೇ ಮಾತು. ನನಗೆ ಸಿಟ್ಟು ಬಂದು ಜೋರು ದನಿಯಲ್ಲಿ ಮಾತಾಡಿದೆ, ಅವ್ವ ಸುಮ್ಮನಾದಳು. ಎರಡು ದಿನ ಫೋನ್ ಕೂಡ ಮಾಡಲಿಲ್ಲ. ತಪ್ಪು ನನ್ನದೇ. 67 ವರ್ಷದವಳ ಮೈಮೇಲಿನ ಬಟ್ಟೆಯನ್ನು ನನ್ನ ಆಸೆಗಾಗಿ ಬದಲಿಸಲು ಹೊರಟಿದ್ದೆ. ಅವಳಿಗೆ ಏನು ಬೇಕೆಂದು ಕೇಳುವುದನ್ನು ಚಿಕ್ಕಂದಿನಲ್ಲೂ ಮರೆತೆ, ಈಗಲೂ ಮರೆತೆ. ಮೂರನೆಯ ದಿನ ನಾನೇ ಫೋನ್ ಮಾಡಿದೆ. "ತಪ್ಪಾತವ್ವಾ. ಸೀರಿ ಉಟಗೊಂಡ ದಂಡಿ ಮ್ಯಾಲ ಕುಂದರು. ಆದರ ಚೀಲ ಇರೂದಿಲ್ಲ ನೋಡು. ಖಾಲಿ ಕೈಲೆ ಕುಂದರಬೇಕು. ಜೋಡಿಗೆ ನಾನೂ ಕುಂದರತೀನಿ."

"ಖಾಲಿ ಕೈಲೆ ಕುಂತ ಏನ ಮಾಡ್ಲಿ?" ಅಂದಳು.

"ಶೇಂಗಾ ತಿನ್ನು" ಅಂದೆ.

ಆಮೇಲೆ ತಿಳಿದದ್ದು, ಆ ಎರಡು ದಿನ ಅವ್ವ ಚಿಗವ್ವನ ಜೊತೆ ಈ ವಿಷಯವನ್ನೇ ಮಾತಾಡಿದ್ದಳು. ಚಿಗವ್ವನೂ ಬರುತ್ತೇನೆ ಎಂದಳು. ಇದು ನನ್ನ ವಹಿಯಲ್ಲಿ ಇರಲೇ ಇಲ್ಲ, ಮೊದಲೇ ಇರಬೇಕಿತ್ತು. ಮಕ್ಕಳಿಗೆ ಮಕ್ಕಳು ಜೋಡಿ, ನಮಗೆ ನಾವು ಜೋಡಿ, ಹಿರಿಯರನ್ನು ಮಾತ್ರ ಒಬ್ಬರನ್ನೇ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂಡಿಸುತ್ತೇವೆ. ಅಕ್ಕತಂಗಿ ಇಬ್ಬರೂ ಇದ್ದರೆ ಬೆಂಚೂ ಒಂದು ಆಟವೇ. ಚಿಗವ್ವನಿಗೆ ನಾಲ್ಕು ವರ್ಷ ಕಡಿಮೆ ವಯಸ್ಸು, ಧೈರ್ಯ ನಾಲ್ಕು ಪಟ್ಟು ಹೆಚ್ಚು. ಆ ಈಜುಬಟ್ಟೆ ತನಗೆ ಹಿಡಿಸುತ್ತದೋ ನೋಡುತ್ತೇನೆ, ಕಳಿಸಿಕೊಡು ಎಂದಿದ್ದಾಳೆ. ಸ್ಲೀಪರಿನಲ್ಲಿ ಅವಳದು ವೇಟಿಂಗ್ 14. ದಿನಾ ನೋಡುತ್ತಿದ್ದೇನೆ, ಇವತ್ತು 6ಕ್ಕೆ ಇಳಿದಿದೆ.

ಹೋದ ವಾರ ಮಗಳು ಆಯಿಗೆ ಫೋನ್ ಮಾಡಿ ತೊಟ್ಟಿಲಿನ ಚರಿತ್ರೆ ಹೇಳಿದಳು. 1893ರಲ್ಲಿ ಶಿಕಾಗೋದ ವಸ್ತುಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರ ನಿಲ್ಲಿಸಿದರು, 36 ಡಬ್ಬಿ, ಒಂದೊಂದರಲ್ಲಿ 60 ಮಂದಿ. ಸ್ಪೀಕರಿನಲ್ಲಿ ಅವ್ವನ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಮಗಳು ಗುಣಾಕಾರ ಮಾಡಿ 2160 ಎಂದು ಹೇಳಿದಳು.

"ಅಷ್ಟೂ ಮಂದಿ ಚಪ್ಪಲಿ?" ಅಂದಳು ಅವ್ವ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಅವ್ವನ ಫೋನ್ ಬಂತು. ಅವಳು ಅಷ್ಟು ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ, ಗಾಬರಿಯಾಗಿ ಎತ್ತಿದೆ.

"ಏನಿಲ್ಲ. ಒಂದ ಕೇಳೂದಿತ್ತು" ಅಂದಳು. "ಆ ಗೋಪುರದ ಮ್ಯಾಲಿನ ತೊಟ್ಟಲದಾಗ ಚಪ್ಪಲಿ ಹಾಕ್ಕೊಂಡ ಕುಂದರಬೇಕೊ, ಕೆಳಗ ಬಿಟ್ಟ ಹೋಗಬೇಕೊ?"

"ಹಾಕ್ಕೊಂಡ ಕುಂದರವ್ವಾ. ಯಾಕ?"

"ಇವು ಸಡಲ ಆಗ್ಯಾವ. ಕಾಲಾಗ ನಿಂದರೂದಿಲ್ಲ." ಅವ್ವ ಫೋನ್ ಹಿಡಿದುಕೊಂಡೇ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದಳು. ಪಟ ಪಟ ಸಪ್ಪಳ ನನಗೆ ಕೇಳಿಸಿತು. "ನಾಳೆ ಗದಗಕ್ಕ ಹೋಗಿ ಹೊಸಾವ ತರತೀನಿ. ಹಿಂದ ಬಾರ ಇದ್ದಂಥಾವು."